ಹಳೆ ಕಾರಿಗೆ ಬದಲಿ ಇಂಜಿನ್, ಕಡಿಮೆ ರೊಕ್ಕದಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಹತ್ತಿಪ್ಪತ್ತು ವರ್ಷ ಹಳೆಯ ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಇಂಡಿಕಾ, ಡಿಸೈರ್ ಓಡಿಸುವವರಿಗಾಗಿ ಈ ಪುಟ. ಪ್ರಶ್ನೆಗಳು ಗ್ಯಾರೇಜಿನ ಮುಂದೆ ಕೇಳುವ ಮಾತಿನಲ್ಲೇ ಇವೆ.

ಗಾಡಿ ಹೊಗಿ ಬಿಡ್ತದ, ಪಿಕಪ್ ಇಲ್ಲ. ಇಂಜಿನ್ನೇ ಬದಲಿ ಮಾಡ್ರಿ ಅಂತಾರ. ಖರೇನಾ?

ಕಂಪ್ರೆಷನ್ (ಪಿಸ್ಟನ್ ಮೇಲೇರಿದಾಗ ಸಿಲಿಂಡರಿನೊಳಗೆ ಹುಟ್ಟುವ ಒತ್ತಡ) ಅಳೆಯುವ ತನಕ ಒಪ್ಪಬೇಡಿ. ಕಿವಿಯಿಂದಲೇ ತೀರ್ಪು ಹೇಳುವ ಒಳ್ಳೆಯ ಮೆಕ್ಯಾನಿಕ್‌ಗಳು ಇದ್ದಾರೆ, ಆದರೆ ಇಷ್ಟು ದೊಡ್ಡ ಖರ್ಚಿಗೆ ಕಿವಿಯೊಂದೇ ಸಾಲದು.

ಮೊದಲು ಹೊಗೆಯ ಬಣ್ಣ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದಿಷ್ಟು ನೀಲಿ ಹೊಗೆ ಬಂದು ನಿಂತರೆ ಅದು ವಾಲ್ವ್ ಸೀಲ್ ಗಟ್ಟಿಯಾಗಿರುವ ಲಕ್ಷಣ, ಸಣ್ಣ ಕೆಲಸ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಬಿಳಿ ಹೊಗೆ ಬಂದು ರೇಡಿಯೇಟರ್ ನೀರು ತಾನಾಗಿ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಪದರ) ಮೇಲೆ ಅನುಮಾನ. ಕಪ್ಪು ಹೊಗೆಗೆ ಇಂಜಿನ್ ಇಳಿಸಬೇಕಾಗಿಲ್ಲ. ಏರ್ ಫಿಲ್ಟರ್, ಇಂಜೆಕ್ಟರ್, ಕಾರ್ಬುರೇಟರ್, ಸೆನ್ಸರ್ ಕಡೆ ನೋಡಿ.

ಕಂಪ್ರೆಷನ್ ಅಳೆಯುವ ಕ್ರಮ ಹೀಗಿದೆ. ಇಂಜಿನ್ ಬಿಸಿ ಮಾಡಿ ಎಲ್ಲಾ ಪ್ಲಗ್ ಬಿಚ್ಚಿ. ಫ್ಯುಯೆಲ್ ಪಂಪಿನ ಫ್ಯೂಸ್ ಮತ್ತು ಇಗ್ನಿಷನ್ ಕಾಯಿಲ್ ಕನೆಕ್ಟರ್ ತೆಗೆಯಿರಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಗೇಜಿನ ಮುಳ್ಳು ನಿಲ್ಲುವವರೆಗೆ ಐದಾರು ಸುತ್ತು ಸ್ಟಾರ್ಟರ್ ಹೊಡೆಯಿರಿ. ಪೆಟ್ರೋಲ್ ಇಂಜಿನ್‌ನಲ್ಲಿ ಸಿಲಿಂಡರಿಗೆ 150ರಿಂದ 190 ಪಿಎಸ್‌ಐ ಬಂದರೆ ಚೆನ್ನಾಗಿದೆ. 120ರ ಕೆಳಗೆ ಇಳಿದರೆ ಸವೆದಿದೆ. ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ 15 ದಾಟಬಾರದು.

ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಮುಳ್ಳು ಏರಿದರೆ ರಿಂಗ್ ಹೋಗಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಅಥವಾ ಗ್ಯಾಸ್ಕೆಟ್ ಹೋಗಿದೆ. ಪಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಬಿದ್ದಿದ್ದರೆ ಗ್ಯಾಸ್ಕೆಟ್ ಅವೆರಡರ ನಡುವೆ ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಈ ಆಯಿಲ್ ಪರೀಕ್ಷೆಯನ್ನು ಡೀಸೆಲ್ ಇಂಜಿನ್‌ನಲ್ಲಿ ಮಾಡಬೇಡಿ. ಪಿಸ್ಟನ್ ಮೇಲೆ ಉಳಿಯುವ ಜಾಗ ತೀರಾ ಕಡಿಮೆ, ಆಯಿಲ್ ಹೆಚ್ಚಾದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್‌ಗೆ ಬೇರೆಯೇ ಗೇಜು ಬೇಕು, ಅಲ್ಲಿ 350–450 ಪಿಎಸ್‌ಐ ನಿರೀಕ್ಷಿಸಬಹುದು.

ಹಂಗಾದ್ರ ಇಂಜಿನ್ ಬದಲಿ ಮಾಡಲೇಬೇಕಾದ್ದು ಯಾವಾಗ?

ರಾಡ್ ಮುರಿದು ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ಶಾಫ್ಟ್ ಮುರಿದಿದ್ದರೆ, ನೀರಿನ ದಾರಿಯಲ್ಲಿ ಬ್ಲಾಕ್ ಸೀಳಿದ್ದರೆ, ಅಥವಾ ಬೋರ್ ಆಗಲೇ ಒಮ್ಮೆ ಕೊರೆದು 0.50 ಎಂಎಂ ದೊಡ್ಡದಾಗಿ (ಓವರ್‌ಸೈಜ್) ಮತ್ತೆ ಗೀರು ಬಿದ್ದು ಮುಂದಿನ ಸೈಜಿನ ಪಿಸ್ಟನ್ ಸಿಗದಿದ್ದರೆ. ಉಳಿದ ಬಹುಪಾಲು ಸಂದರ್ಭಗಳಲ್ಲಿ ರಿಪೇರಿ ಮತ್ತು ಬದಲಿ ಎರಡೂ ಸಾಧ್ಯ, ಯಾವುದು ಅಗ್ಗ ಅನ್ನುವುದಷ್ಟೇ ಲೆಕ್ಕ.

ಇದ್ದ ಇಂಜಿನ್ ಬೋರಿಂಗ್ ಮಾಡಿಸೋದು ಚಲೋನೋ, ಸೆಕೆಂಡ್ ಹ್ಯಾಂಡ್ ತರೋದು ಚಲೋನೋ?

ಮಾರುತಿ 800, ಓಮ್ನಿ, ಹಳೆ ಆಲ್ಟೊ, ಹಳೆ ಇಂಡಿಕಾ ಡೀಸೆಲ್‌ನಂಥ ಸರಳ ಇಂಜಿನ್‌ಗಳಿಗೆ, ಬ್ಲಾಕ್ ಮತ್ತು ಕ್ರ್ಯಾಂಕ್ ಗಟ್ಟಿಯಿದ್ದರೆ, ಬಿಚ್ಚಿ ಬೋರಿಂಗ್ (ಸವೆದ ಬೋರ್ ಕೊರೆದು ದೊಡ್ಡ ಪಿಸ್ಟನ್ ಹಾಕುವುದು) ಮಾಡಿಸುವುದೇ ಮೇಲು. ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್ ಎಲ್ಲ ಸುಲಭವಾಗಿ ಸಿಗುತ್ತವೆ, ಏನೇನು ಹಾಕಿದ್ದೀರಿ ಎಂಬುದು ನಿಮಗೆ ಗೊತ್ತಿರುತ್ತದೆ, ಇಂಜಿನ್ ನಂಬರ್ ಬದಲಾಗುವುದಿಲ್ಲ, ಆರ್‌ಟಿಒ ಓಡಾಟವೂ ಇಲ್ಲ.

ಒಂದು ಎಚ್ಚರಿಕೆ. ಬಳ್ಳಾರಿ, ಗಂಗಾವತಿ, ಸಿಂಧನೂರಿನಂಥ ಊರುಗಳಲ್ಲಿ ಲೇತ್ ಅಂಗಡಿಗಳ ಕೈಗೆ ಹೆಚ್ಚಾಗಿ ಬರುವುದು ಟ್ರಾಕ್ಟರ್, ಲಾರಿ, ಟಿಪ್ಪರ್ ಕೆಲಸ. ಆ ದೊಡ್ಡ ಇಂಜಿನ್‌ಗಳಲ್ಲಿ ನಡೆಯುವಷ್ಟು ಸಡಿಲವನ್ನು ಸಣ್ಣ ಕಾರಿನ ಬೋರ್ ಸಹಿಸುವುದಿಲ್ಲ. 800ರ ಬೋರ್ 68.5 ಎಂಎಂ, ಅಲ್ಲಿ ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು ಕೂದಲೆಳೆಗಿಂತ ಕಡಿಮೆ. ಹಾಗಾಗಿ ಪಿಸ್ಟನ್ ಸೆಟ್ ಮೊದಲು ಕೊಂಡು ಲೇತ್‌ನವರ ಕೈಗೆ ಕೊಡಿ, ಆ ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಿ ಹೋನಿಂಗ್ (ಕೊನೆಯ ನಯ ಉಜ್ಜು) ಮಾಡಲಿ. ಬೋರ್ ಮುಗಿಸಿ ಆಮೇಲೆ ಪಿಸ್ಟನ್ ಹುಡುಕುವುದು ತಿರುಗುಮುರುಗು. ಹೆಡ್‌ನ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ಹಾಕಿಸಿ, 0.05 ಎಂಎಂ ಪತ್ತಿ ಒಳಗೆ ಹೋದರೆ ಹೆಡ್ ಫೇಸಿಂಗ್ (ಮೇಲ್ಮೈ ಮಟ್ಟ ಮಾಡುವುದು) ಬೇಕು.

ಸೆಕೆಂಡ್ ಹ್ಯಾಂಡ್ ಇಂಜಿನ್ ಗೆಲ್ಲುವುದು ಎರಡು ಕಡೆ: ಬ್ಲಾಕೇ ಹೋದಾಗ, ಮತ್ತು ಬಿಡಿಭಾಗಗಳ ಬೆಲೆ ಇಂಜಿನ್ ಬೆಲೆಯನ್ನೇ ಮೀರುವ ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಿತ ಇಂಜೆಕ್ಷನ್ನಿನ) ಡೀಸೆಲ್‌ಗಳಲ್ಲಿ. ಇನ್ನು ಅಂಗಡಿಯವರು 'ರೀಕಂಡೀಷನ್' ಎಂದು ಮಾರುವ ಇಂಜಿನ್. ಏನೇನು ಹೊಸದಾಗಿ ಹಾಕಿದ್ದಾರೆ, ಬೋರ್ ಯಾವ ಸೈಜು, ಬೇರಿಂಗ್ ಯಾವ ಸೈಜು ಎಂದು ಬಿಲ್ಲಿನಲ್ಲಿ ಬರೆದು ಕೊಡದಿದ್ದರೆ ಅದು ಬಣ್ಣ ಹೊಡೆದ ಹಳೆ ಇಂಜಿನ್ ಎಂದೇ ತಿಳಿಯಿರಿ. ಬೆಳ್ಳಿ ಬಣ್ಣ ಫಳಫಳ ಹೊಳೆದಷ್ಟೂ ಅನುಮಾನ ಹೆಚ್ಚಾಗಲಿ.

ಒಟ್ಟು ಎಷ್ಟು ರೊಕ್ಕ ಕೈಯಾಗ ಇಟ್ಕೋಬೇಕು?

ಇಂಜಿನ್ ಬೆಲೆಯನ್ನೇ ಒಟ್ಟು ಖರ್ಚು ಎಂದುಕೊಳ್ಳುವುದರಲ್ಲೇ ಹೆಚ್ಚಿನವರ ಲೆಕ್ಕ ತಪ್ಪುವುದು. ಇಂಜಿನ್‌ಗೆ 100 ರೂಪಾಯಿ ಕೊಟ್ಟರೆ ಅದನ್ನು ಗಾಡಿಗೆ ಕೂಡಿಸಿ ರಸ್ತೆಗೆ ಬಿಡುವಷ್ಟರಲ್ಲಿ ಇನ್ನೂ 60ರಿಂದ 80 ರೂಪಾಯಿ ಬೇಕು: ಸಾಗಣೆ, ಕೂಲಿ, ಕ್ಲಚ್, ಸೀಲ್, ಬೆಲ್ಟ್, ವಾಟರ್ ಪಂಪ್, ರೇಡಿಯೇಟರ್ ಕೆಲಸ, ಆಯಿಲ್, ಕೂಲಂಟ್, ಆರ್‌ಟಿಒ. ಕೈಯಲ್ಲಿ 40,000 ಇದೆ ಎಂದಿಟ್ಟುಕೊಳ್ಳಿ. ಆಗ ಹುಡುಕಬೇಕಾದ್ದು 22–25 ಸಾವಿರದ ಇಂಜಿನ್, 38 ಸಾವಿರದ್ದಲ್ಲ. ದುಬಾರಿ ಇಂಜಿನ್ ತಂದು ಹಳೆ ರೇಡಿಯೇಟರಿಗೇ ಕೂಡಿಸುವುದಕ್ಕಿಂತ, ಸಾಧಾರಣ ಇಂಜಿನ್ ತಂದು ಸುತ್ತಲಿನ ಭಾಗಗಳನ್ನು ಹೊಸದು ಹಾಕುವುದು ಹೆಚ್ಚು ಕಾಲ ಬರುತ್ತದೆ.

ಒಟ್ಟು ಖರ್ಚು ಓಡುವ ಸ್ಥಿತಿಯ ಅಂಥದೇ ಕಾರಿನ ಬೆಲೆಯ ಅರ್ಧ ದಾಟಿದರೆ ನಿಂತು ಯೋಚಿಸಿ. ನೋಂದಣಿ ಅವಧಿಯನ್ನೂ ನೋಡಿ. ಖಾಸಗಿ ಕಾರಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಹಳೆ ಕಾರಿನ ನವೀಕರಣ ಶುಲ್ಕ ಬಹಳ ಏರಿದೆ, ಅದೂ ಲೆಕ್ಕಕ್ಕೆ ಬರಬೇಕು. ನವೀಕರಣಕ್ಕೆ ಆರು ತಿಂಗಳು ಉಳಿದಿದ್ದು ಚಾಸಿ, ಫ್ಲೋರ್ ತುಕ್ಕು ಹಿಡಿದಿದ್ದರೆ ಇಂಜಿನ್‌ಗೆ ರೊಕ್ಕ ಹಾಕುವುದು ಬೇಡ.

ಯಾವ ಗಾಡಿಗೆ ಯಾವ ಇಂಜಿನ್ ಕೂಡ್ತದ?

ನಿಯಮ ಒಂದೇ: ಇಂಜಿನ್ ಕೋಡ್ (ಎಫ್8ಬಿ, ಕೆ10ಬಿ ಎಂಬಂಥ ಕಂಪನಿಯ ಗುರುತು) ಕೂಡಬೇಕು, ಸಿಸಿ ಕೂಡಿದರೆ ಸಾಲದು. ಬೊಲೆರೊದ 2523 ಸಿಸಿಯಲ್ಲಿ ಮೆಕ್ಯಾನಿಕಲ್ ಪಂಪಿನ ಡಿಐಯೂ ಇದೆ, ಕಾಮನ್ ರೈಲೂ ಇದೆ. ಸಿಸಿ ಒಂದೇ ಆದರೂ ವೈರಿಂಗ್, ಪಂಪು, ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಎಲ್ಲ ಬೇರೆ.

ಮಾರುತಿ 800 ಮತ್ತು ಓಮ್ನಿಯಲ್ಲಿ 796 ಸಿಸಿಯ ಎಫ್8ಬಿ. ಆದರೆ ಓಮ್ನಿಯಲ್ಲಿ ಇಂಜಿನ್ ಉದ್ದಕ್ಕೆ ಮಲಗಿರುತ್ತದೆ, ಹಿಂದಿನ ಚಕ್ರ ತಿರುಗಿಸುತ್ತದೆ. 800ರಲ್ಲಿ ಅಡ್ಡಕ್ಕಿದ್ದು ಮುಂದಿನ ಚಕ್ರ ತಿರುಗಿಸುತ್ತದೆ. ಓಮ್ನಿ ಇಂಜಿನ್ ತಂದರೆ ಸಂಪ್ (ಕೆಳಗಿನ ಆಯಿಲ್ ತಟ್ಟೆ), ಆಯಿಲ್ ಸ್ಟ್ರೇನರ್, ಮ್ಯಾನಿಫೋಲ್ಡ್, ಮೌಂಟಿಂಗ್ ಬ್ರಾಕೆಟ್ ಎಲ್ಲ ನಿಮ್ಮ ಹಳೆ ಇಂಜಿನ್‌ನಿಂದಲೇ ಹಾಕಬೇಕಾಗಬಹುದು, ಆದ್ದರಿಂದ ಹಳೆಯದನ್ನು ಮೊದಲೇ ಮಾರಬೇಡಿ. ಆಲ್ಟೊದ 796 ಸಿಸಿ ಎಫ್8ಡಿ, ಸಿಲಿಂಡರಿಗೆ ನಾಲ್ಕು ವಾಲ್ವ್. ಎರಡರ ಹೆಡ್ ಬೇರೆ. ಐದು ಗೇರಿನ ಕೆಲವು 800ಗಳಲ್ಲೂ ಈ 12 ವಾಲ್ವ್ ಇಂಜಿನ್ ಬಂದಿದೆ, ಹಾಗಾಗಿ ಬಾನೆಟ್ ಎತ್ತಿ ನೋಡಿಯೇ ಹೊರಡಿ.

ಹಳೆ ವ್ಯಾಗನ್ ಆರ್ 1061 ಸಿಸಿಯ ಎಫ್10ಡಿ, ಟೈಮಿಂಗ್ ಬೆಲ್ಟ್. 2010ರಿಂದ ಬಂದದ್ದು 998 ಸಿಸಿಯ ಕೆ10ಬಿ, ಟೈಮಿಂಗ್ ಚೈನ್. ಕೆ10ಬಿ ಆಲ್ಟೊ ಕೆ10, ಎ-ಸ್ಟಾರ್, ಎಸ್ಟಿಲೊ, ಸೆಲೆರಿಯೊದಲ್ಲೂ ಇರುವುದರಿಂದ ಹುಡುಕುವುದು ಸುಲಭ. ಪೆಟ್ರೋಲ್ ಸ್ವಿಫ್ಟ್ 2010ರ ತನಕ 1298 ಸಿಸಿ, ಆಮೇಲೆ 1197 ಸಿಸಿ, ಒಂದರ ಜಾಗಕ್ಕೆ ಇನ್ನೊಂದು ಬೇಡ. ಸ್ಯಾಂಟ್ರೊದಲ್ಲಿ 999 ಸಿಸಿಯೂ 1086 ಸಿಸಿಯೂ ಇವೆ, ಆರ್‌ಸಿ ನೋಡಿ ಕೇಳಿ.

ಡಿಸೈರ್, ಸ್ವಿಫ್ಟ್ ಡೀಸೆಲ್‌ನ 1248 ಸಿಸಿ ಇಂಜಿನ್ ಫಿಯೆಟ್‌ನದು. ಟಾಟಾ ವಿಸ್ಟಾ, ಮಾಂಜಾ, ಫಿಯೆಟ್ ಪುಂಟೊ, ಲೀನಿಯಾಗಳಲ್ಲೂ ಇದೇ ಕುಲ. ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿದರೂ ಅದಕ್ಕೂ ಮುಂಚೆ ಅಷ್ಟೊಂದು ಗಾಡಿ ಮಾರಿದ್ದರಿಂದ ಇಂಜಿನ್ ಸಿಗುತ್ತದೆ. ಆದರೂ ಮಾರುತಿಗೆ ಮಾರುತಿಯದೇ ತನ್ನಿ. ಎರ್ಟಿಗಾ, ಎಸ್‌ಎಕ್ಸ್4ರ 90 ಪಿಎಸ್ ಇಂಜಿನ್ನಿನ ಟರ್ಬೊ ಬೇರೆ, ಅದನ್ನು 75 ಪಿಎಸ್ ಇಸಿಎಂಗೆ ಹಾಗೇ ಜೋಡಿಸಲಾಗದು.

ಎಲ್ಲಿ ಹುಡುಕೋದು? ಹೈದರಾಬಾದೋ, ಬೆಂಗಳೂರೋ?

ಮೊದಲು ನಿಮ್ಮ ಊರಲ್ಲೇ. ಅಪಘಾತವಾಗಿ ಹಿಂಭಾಗ ಜಜ್ಜಿ ನಿಂತ ಗಾಡಿ ಸ್ಥಳೀಯ ಗ್ಯಾರೇಜಿನಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಇಂಜಿನ್ ಇಲ್ಲ. ಗಾಡಿಯಲ್ಲಿರುವಾಗಲೇ ಸ್ಟಾರ್ಟ್ ಮಾಡಿ ಕೇಳಬಹುದು, ಮಾಲೀಕರನ್ನು ಮಾತಾಡಿಸಬಹುದು, ಮುಂದೆ ತೊಂದರೆ ಬಂದರೆ ಮಾರಿದವರ ಮನೆ ಗೊತ್ತಿರುತ್ತದೆ. ಇನ್ಶೂರೆನ್ಸ್ ಕಂಪನಿ ಟೋಟಲ್ ಲಾಸ್ ಮಾಡಿದ ಗಾಡಿಗಳ ಬಗ್ಗೆ ಬಾಡಿ ಶಾಪ್‌ಗಳಲ್ಲಿ ವಿಚಾರಿಸಿ.

ಊರಲ್ಲಿ ಸಿಗದಿದ್ದರೆ ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಬಳ್ಳಾರಿಯವರಿಗೆ ಬೆಂಗಳೂರಿನ ಶಿವಾಜಿನಗರದ ಗುಜರಿ, ಕೊಪ್ಪಳದವರಿಗೆ ಹುಬ್ಬಳ್ಳಿ. ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ಯಿರಿ, ದಿನಗೂಲಿ ಕೊಟ್ಟಾದರೂ ಸರಿ. ಅಂಗಡಿಯವನು ಮೆಕ್ಯಾನಿಕ್‌ಗೆ ಕಮಿಷನ್ ಕೊಡುವುದು ಈ ವ್ಯಾಪಾರದಲ್ಲಿ ಗುಟ್ಟೇನಲ್ಲ. ಕೂಲಿಯನ್ನು ನೀವೇ ಮೊದಲೇ ಮಾತಾಡಿಕೊಂಡರೆ ಅವನೂ ನಿಮ್ಮ ಪರ ಚೌಕಾಸಿ ಮಾಡುತ್ತಾನೆ. ಫೋಟೊ ನೋಡಿ, ಫೋನ್‌ನಲ್ಲೇ ಅಡ್ವಾನ್ಸ್ ಹಾಕಿ ತರಿಸುವುದು ಬೇಡ.

ಗುಜರಿ ಅಂಗಡ್ಯಾಗ ಇಂಜಿನ್ ನೆಲದ ಮ್ಯಾಲೆ ಬಿದ್ದಿರ್ತದ. ಸ್ಟಾರ್ಟ್ ಮಾಡದನ ಹೆಂಗ ತಿಳ್ಕೊಳ್ಳೋದು?

ಒಯ್ಯಬೇಕಾದ್ದು: ಟಾರ್ಚು, ಸಾಕೆಟ್ ಸೆಟ್, ಪ್ಲಗ್ ಸ್ಪ್ಯಾನರ್, ಕಂಪ್ರೆಷನ್ ಗೇಜ್, ಒಂದು ಚಾರ್ಜ್ ಆದ ಬ್ಯಾಟರಿ, ಜಂಪರ್ ಕೇಬಲ್. ಗೇರ್‌ಬಾಕ್ಸ್ ಮತ್ತು ಸ್ಟಾರ್ಟರ್ ಕೂಡಿಯೇ ಇದ್ದರೆ ನೆಲದ ಮೇಲೇ ಕಂಪ್ರೆಷನ್ ಅಳೆಯಬಹುದು. ಇಂಜಿನ್ ತಣ್ಣಗಿರುವುದರಿಂದ ಅಂಕಿ ಸ್ವಲ್ಪ ಕಡಿಮೆ ಬರುತ್ತದೆ. ಸಿಲಿಂಡರುಗಳ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಬೆಲೆ ಕೊಡಿ.

ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಪ್ಲಗ್ ಬಿಚ್ಚಿ, ಇಂಜಿನ್ ತಿರುಗುವ ದಿಕ್ಕಿನಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಒಂದೇ ಹದದ ಬಿಗಿ ಇರಬೇಕು. ಒಂದು ಜಾಗದಲ್ಲಿ ಸಿಕ್ಕಿಹಾಕಿಕೊಂಡರೆ ಬಾಗಿದ ವಾಲ್ವ್, ಸಿಲಿಂಡರಿನಲ್ಲಿ ತುಕ್ಕು, ಅಥವಾ ಬಾಗಿದ ರಾಡ್ ಇರಬಹುದು. ಪುಲ್ಲಿ ಹಿಡಿದು ಒಳಗೆ ಹೊರಗೆ ಎಳೆದು ನೋಡಿ, ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಥ್ರಸ್ಟ್ ವಾಷರ್ (ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ತಡೆಯುವ ಬಿಲ್ಲೆ) ಸವೆದಿದೆ.

ಆಯಿಲ್ ಕ್ಯಾಪ್ ತೆಗೆದು ಟಾರ್ಚ್ ಹಾಕಿ. ಒಳಗೆ ಜೇನು ಬಣ್ಣದ ತೆಳು ಪದರ ಇದ್ದರೆ ಕಾಲಕಾಲಕ್ಕೆ ಆಯಿಲ್ ಬದಲಿಸಿದ್ದಾರೆ. ಡಾಂಬರಿನಂಥ ಕಪ್ಪು ಗಟ್ಟಿ ಕೂತಿದ್ದರೆ ಬಿಟ್ಟು ಬನ್ನಿ. ಹಾಲು ಬೆರೆತ ಚಹಾದ ಬಣ್ಣ ಕಂಡರೆ ನೀರು ಸೇರಿದೆ. ಸಂಪ್‌ನ ಡ್ರೈನ್ ಬೋಲ್ಟ್ ಬಿಚ್ಚಲು ಬಿಟ್ಟರೆ ಕೊನೆಯ ಹನಿಗಳನ್ನು ಬಿಳಿ ಬಟ್ಟೆ ಮೇಲೆ ಹಿಡಿಯಿರಿ. ಹೊಳೆಯುವ ತಾಮ್ರದ ಅಥವಾ ಬೆಳ್ಳಿಯ ಪುಡಿ ಕಂಡರೆ ಬೇರಿಂಗ್ ತಿಂದಿದೆ.

ನೀರಿನ ದಾರಿ ನೋಡುವುದನ್ನು ಬಹಳ ಮಂದಿ ಮರೆಯುತ್ತಾರೆ. ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಇರುವ ಹೌಸಿಂಗ್ ಬಿಚ್ಚಿ ಒಳಗೆ ಬೆರಳಿಡಿ. ಕೆಂಪು ತುಕ್ಕಿನ ಕೆಸರು ಇದ್ದರೆ ಆ ಇಂಜಿನ್ ಕೂಲಂಟ್ ಕಂಡೇ ಇಲ್ಲ. ಥರ್ಮೋಸ್ಟಾಟೇ ಇಲ್ಲದಿದ್ದರೆ ಹಿಂದೊಮ್ಮೆ ಹೀಟ್ ಆಗಿತ್ತು ಎಂದು ಅರ್ಥ ಮಾಡಿಕೊಳ್ಳಿ. ಹೆಡ್ ಮತ್ತು ಬ್ಲಾಕ್ ನಡುವೆ ಹೊಸ ಸಿಲಿಕಾನ್ ಪೇಸ್ಟ್ ಇಣುಕುತ್ತಿದ್ದರೆ ಹೆಡ್ ಬಿಚ್ಚಿ ಮುಚ್ಚಿದ್ದಾರೆ.

ನೆರೆಯಲ್ಲಿ ಮುಳುಗಿದ ಇಂಜಿನ್ ಬೇರೆಯೇ ಪೀಡೆ. 2015ರಲ್ಲಿ ಚೆನ್ನೈ, 2020ರಲ್ಲಿ ಹೈದರಾಬಾದ್, 2022ರಲ್ಲಿ ಬೆಂಗಳೂರು ನೀರಲ್ಲಿ ನಿಂತವು. ಅಂಥ ಗಾಡಿಗಳ ಇಂಜಿನ್ ಗುಜರಿಗೆ ಬರದೆ ಎಲ್ಲಿ ಹೋದಾವು? ಆಲ್ಟರ್ನೇಟರ್ ಕಿಂಡಿಗಳಲ್ಲಿ, ಬೆಲ್ ಹೌಸಿಂಗ್ ಒಳಗೆ, ವೈರಿಂಗ್ ಕನೆಕ್ಟರುಗಳ ಸಂದಿಯಲ್ಲಿ ಒಣಗಿದ ನುಣುಪು ಮಣ್ಣು ಹುಡುಕಿ. ಹೊರಗೆ ತೊಳೆದರೂ ಅಲ್ಲಿ ಉಳಿದಿರುತ್ತದೆ.

'ಬರೀ 40 ಸಾವಿರ ಕಿಲೋಮೀಟರ್ ಓಡೇದ' ಅಂತಾನ. ನಂಬಬೇಕಾ?

ಮೀಟರು ಇರುವುದು ಡ್ಯಾಶ್‌ಬೋರ್ಡಿನಲ್ಲಿ, ಇಂಜಿನ್‌ನಲ್ಲಲ್ಲ. ಆ ಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಬಿಲ್ಲಿನಾಗ ಏನೇನು ಬರೆಸಬೇಕು?

ಇಂಜಿನ್ ನಂಬರ್, ಅದು ಬಂದ ಗಾಡಿಯ ನೋಂದಣಿ ಮತ್ತು ಚಾಸಿ ನಂಬರ್, ಮಾರಿದವರ ಹೆಸರು, ವಿಳಾಸ, ಕೊಟ್ಟ ಮೊತ್ತ, ಜೊತೆಗೆ ಏನೇನು ಬಂತು ಎಂಬ ಪಟ್ಟಿ. ಆಲ್ಟರ್ನೇಟರ್, ಸ್ಟಾರ್ಟರ್, ಇಂಜೆಕ್ಟರ್, ಸೆನ್ಸರ್ ಸೇರಿದೆಯೋ ಇಲ್ಲವೋ ಎಂಬ ಜಗಳ ಬರುವುದು ಲಾರಿಗೆ ಹೇರುವಾಗಲೇ. ಆ ಗಾಡಿಯ ಆರ್‌ಸಿ ನಕಲು, ಸಾಧ್ಯವಾದರೆ ಇನ್ಶೂರೆನ್ಸ್ ಅಥವಾ ಸ್ಕ್ರ್ಯಾಪ್ ಕಾಗದ ಪಡೆಯಿರಿ. 'ಚೆಕಿಂಗ್ ವಾರಂಟಿ' ಎಂದು ಬಾಯಲ್ಲಿ ಹೇಳುವುದನ್ನು ಬಿಲ್ಲಿಗೆ ಇಳಿಸಿ: ಕೂಡಿಸಿದ ಮೇಲೆ ಇಷ್ಟು ದಿನದೊಳಗೆ ಬ್ಯಾಕ್ ಕಂಪ್ರೆಷನ್ (ಸವೆದ ರಿಂಗ್ ದಾಟಿ ಕೆಳಗೆ ಸೋರುವ ಒತ್ತಡ), ನಾಕಿಂಗ್ (ಬಡಿಯುವ ಸದ್ದು), ಬ್ಲಾಕ್ ಸೀಳು ಕಂಡರೆ ಬದಲಿ ಅಥವಾ ರೊಕ್ಕ ವಾಪಸ್. ಹದಿನೈದು ದಿನಕ್ಕಾದರೂ ಒಪ್ಪಿಸಿ. ಇಳಿಸಿ ಹತ್ತಿಸುವ ಕೂಲಿ ಯಾರೂ ಕೊಡುವುದಿಲ್ಲ, ಅದು ನಿಮ್ಮ ತಲೆಗೇ.

ರೊಕ್ಕ ಕೊಡುವ ಮುಂಚೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ (ಎನ್‌ಸಿಆರ್‌ಬಿ) 'ವಾಹನ್ ಸಮನ್ವಯ್' ಜಾಲತಾಣದಲ್ಲಿ ನೋಂದಣಿ, ಚಾಸಿ, ಇಂಜಿನ್ ನಂಬರ್ ಹಾಕಿ ಕಳವಿನ ದಾಖಲೆ ಇದೆಯೇ ನೋಡಿ. ನಂಬರ್ ಕೊರೆದ ಜಾಗದಲ್ಲಿ ಗ್ರೈಂಡರ್ ಗುರುತು, ಹೊಸ ಬಣ್ಣ, ಏರುಪೇರಾದ ಅಕ್ಷರ ಕಂಡರೆ ಎಷ್ಟೇ ಅಗ್ಗವಿದ್ದರೂ ಮುಟ್ಟಬೇಡಿ.

ಆರ್‌ಟಿಒಗೆ ಹೇಳಲೇಬೇಕಾ?

ಹೇಳಲೇಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಇಂಜಿನ್ ಬದಲಿಸಿದರೆ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ಆರ್‌ಸಿಯಲ್ಲಿ ಹೊಸ ನಂಬರ್ ಹತ್ತಿಸಬೇಕು. ಬಳ್ಳಾರಿ ಕೆಎ-34, ಹೊಸಪೇಟೆ ಕೆಎ-35, ರಾಯಚೂರು ಕೆಎ-36, ಕೊಪ್ಪಳ ಕೆಎ-37. ಮೊದಲೇ ಹೋಗಿ ಅನುಮತಿ ಕೇಳಿ ಆಮೇಲೆ ಕೂಡಿಸುವುದು ಇನ್ನೂ ಸುರಕ್ಷಿತ. ಇಂಜಿನ್ ಬಿಲ್, ಅದು ಬಂದ ಗಾಡಿಯ ಕಾಗದ, ನಿಮ್ಮ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಒಯ್ಯಿರಿ. ಇನ್‌ಸ್ಪೆಕ್ಟರ್ ಗಾಡಿ ನೋಡಿ ನಂಬರ್ ತಾಳೆ ಮಾಡುತ್ತಾರೆ. ಸಾಲ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಆರ್‌ಸಿ ಬದಲಾದ ಮೇಲೆ ಇನ್ಶೂರೆನ್ಸ್ ಕಂಪನಿಗೂ ತಿಳಿಸಿ ಪಾಲಿಸಿಯಲ್ಲಿ ನಂಬರ್ ತಿದ್ದಿಸಿ. ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ಸರ್ವೇಯರ್ ಮೊದಲು ಹಿಡಿಯುವುದೇ ಇದನ್ನು.

ಪೆಟ್ರೋಲ್ ಗಾಡಿಗೆ ಡೀಸೆಲ್ ಇಂಜಿನ್ ಇಳಿಸಿದ್ರ? ಅಥವಾ ದೊಡ್ಡ ಇಂಜಿನ್?

ಬೇಡ. ತಯಾರಕರು ಕೊಟ್ಟ ಮೂಲ ವಿವರಗಳಿಂದ ಗಾಡಿಯನ್ನು ಬದಲಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನು ಬದಿಗಿಟ್ಟರೂ ಕ್ರಾಸ್ ಮೆಂಬರ್, ಸ್ಪ್ರಿಂಗ್, ಬ್ರೇಕ್, ರೇಡಿಯೇಟರ್, ಟ್ಯಾಂಕು, ವೈರಿಂಗ್ ಎಲ್ಲ ಬದಲಾಗಬೇಕು. ಅಷ್ಟು ರೊಕ್ಕಕ್ಕೆ ಡೀಸೆಲ್ ಕಾರೇ ಬರುತ್ತದೆ.

ಇಂಜಿನ್ ಜೋಡಿ ವೈರಿಂಗ್, ಇಸಿಎಂನೂ ತರಬೇಕಾ?

ಒಂದೇ ಕೋಡ್ ಇದ್ದರೆ ಬೇಡ. ಹೆಡ್ ಸಹಿತ ಇಂಜಿನ್ ಮಾತ್ರ ತಂದು ನಿಮ್ಮ ಇಸಿಎಂ, ವೈರಿಂಗ್, ಸೆನ್ಸರ್, ಥ್ರಾಟಲ್ ಬಾಡಿಯನ್ನೇ ಹಾಕಿ. ಇಮ್ಮೊಬಿಲೈಸರ್ (ಬೇರೆ ಕೀಗೆ ಸ್ಟಾರ್ಟ್ ಆಗದಂತೆ ಮಾಡುವ ಕಳವು ತಡೆ) ಇರುವ ಗಾಡಿಗಳಲ್ಲಿ ಇಸಿಎಂ ಮತ್ತು ಕೀ ಜೋಡಿಯಾಗಿರುತ್ತವೆ. ಬೇರೆ ಇಸಿಎಂ ಹಾಕಿದರೆ ಸ್ಟಾರ್ಟರ್ ತಿರುಗಿದರೂ ಇಂಜಿನ್ ಹತ್ತುವುದಿಲ್ಲ. ಕಾಮನ್ ರೈಲ್ ಡೀಸೆಲ್‌ನಲ್ಲಿ ಇಂಜೆಕ್ಟರ್ ಬದಲಾದರೆ ಅದರ ಮೇಲಿನ ಕೋಡನ್ನು ಸ್ಕ್ಯಾನರ್ ಮೂಲಕ ಇಸಿಎಂಗೆ ಬರೆಯಬೇಕು. ಬರೆಯದಿದ್ದರೆ ಐಡಲಿಂಗ್‌ನಲ್ಲಿ ನಡುಗುತ್ತದೆ, ಹೊಗೆ ಬರುತ್ತದೆ, ಜನ ಇಂಜಿನ್ ಸರಿಯಿಲ್ಲ ಎಂದು ಬೈಯುತ್ತಾರೆ.

ಕೂಡಿಸುವಾಗ ಯಾವ್ಯಾವ ಭಾಗ ಹೊಸದು ಹಾಕಬೇಕು?

ಇಂಜಿನ್ ಹೊರಗಿರುವಾಗ ಕೈಗೆ ಸಿಗುವ, ಒಳಗಿಟ್ಟ ಮೇಲೆ ಮತ್ತೆ ಇಳಿಸಬೇಕಾಗುವ ಭಾಗಗಳಲ್ಲಿ ಕಂಜೂಸಿ ಮಾಡಬೇಡಿ: ಹಿಂದಿನ ಮತ್ತು ಮುಂದಿನ ಕ್ರ್ಯಾಂಕ್ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಬ್ಲಾಕ್‌ನ ತುಕ್ಕು ಹಿಡಿದ ಕೋರ್ ಪ್ಲಗ್‌ಗಳು (ನೀರಿನ ದಾರಿಯ ಲೋಹದ ಮುಚ್ಚಳಗಳು). ಬೆಲ್ಟ್ ಇರುವ ಇಂಜಿನ್‌ಗೆ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರೂ ಒಟ್ಟಿಗೆ. ಬೆಲ್ಟ್ ನೋಡಲು ಚೆನ್ನಾಗಿದೆ ಎಂದು ಬಿಟ್ಟರೆ, ಅದು ಕಡಿದ ದಿನ ಇಂಡಿಕಾದಂಥ ಡೀಸೆಲ್‌ನಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ಥರ್ಮೋಸ್ಟಾಟ್, ಮೇಲಿನ ಕೆಳಗಿನ ಹೋಸ್, ರೇಡಿಯೇಟರ್ ಕ್ಯಾಪ್, ಇಂಜಿನ್ ಮೌಂಟಿಂಗ್, ಪ್ಲಗ್, ಫಿಲ್ಟರ್ ಎರಡನೆಯ ಸಾಲು. ಆಲ್ಟರ್ನೇಟರ್, ಸ್ಟಾರ್ಟರ್, ಎಸಿ ಕಂಪ್ರೆಸರ್ ಹಳೆಯವೇ ಚೆನ್ನಾಗಿದ್ದರೆ ಇರಲಿ, ಮುಂದೆ ಹಾಳಾದರೆ ಹೊರಗಿನಿಂದಲೇ ಬದಲಿಸಬಹುದು.

ಹೊಸ ಇಂಜಿನ್ ಕೂಡಿಸಿ ವರ್ಷ ಆಗಿಲ್ಲ, ಮತ್ತ ಹೀಟ್ ಆಗಿ ಹೋತು. ಯಾಕ?

ಹಳೆಯದನ್ನು ಕೊಂದ ಕಾರಣ ಗಾಡಿಯಲ್ಲೇ ಉಳಿದಿತ್ತು. ಈ ಸೀಮೆಯಲ್ಲಿ ಕಾರಣಗಳು ಹೆಚ್ಚೇನಿಲ್ಲ: ನೀರು, ಬಿಸಿಲು, ಧೂಳು.

ನಮ್ಮ ಬೋರ್‌ವೆಲ್ ನೀರು ಗಡುಸು. ಕಾಯಿಸುವ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವ ನೀರು ರೇಡಿಯೇಟರ್ ಟ್ಯೂಬಿನಲ್ಲೂ ಬ್ಲಾಕ್ ಒಳಗೂ ಅದನ್ನೇ ಕಟ್ಟುತ್ತದೆ. ಆ ಪೊರೆ ಬಿಸಿಯನ್ನು ನೀರಿಗೆ ಬಿಡುವುದಿಲ್ಲ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಅರ್ಧಕ್ಕರ್ಧ ಬೆರೆಸಿ ಹಾಕಿ. ಡಬ್ಬಿಯ ಮೇಲೆ 'ರೆಡಿ ಟು ಯೂಸ್' ಎಂದಿದ್ದರೆ ನೀರು ಬೆರೆಸಬೇಡಿ. ಹಳೆ ರೇಡಿಯೇಟರನ್ನು ಬಿಚ್ಚಿ ರಾಡ್ ಹೊಡೆಸಿ (ಟ್ಯೂಬಿನೊಳಗೆ ಕಂಬಿ ಹಾಕಿ ಪೊರೆ ತೆಗೆಸಿ), ಇಲ್ಲವೇ ಕೋರ್ ಬದಲಿಸಿ. ಪ್ಲಾಸ್ಟಿಕ್ ಟ್ಯಾಂಕಿನದಾದರೆ ಹೊಸದೇ ಹಾಕಿ, ಅದರ ಅಂಚು ಬಿಚ್ಚಿ ಮಡಿಸಿದ್ದು ಹೆಚ್ಚು ದಿನ ನಿಲ್ಲುವುದಿಲ್ಲ.

ಕ್ಯಾಪ್ ಸಣ್ಣ ವಸ್ತು ಎಂದು ಅಸಡ್ಡೆ ಬೇಡ. 0.9 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ರಬ್ಬರ್ ಹೋದ ಕ್ಯಾಪಿನಲ್ಲಿ 100ಕ್ಕೇ ಕುದಿಯುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ದಾಟಿರುವಾಗ, ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತ ಗಾಡಿಗೆ ಆ 18 ಡಿಗ್ರಿ ಬಹಳ ದೊಡ್ಡದು.

ಥರ್ಮೋಸ್ಟಾಟ್ ತೆಗೆದು ಎಸೆಯುವ ಚಟ ಈ ಭಾಗದಲ್ಲಿ ಬೇರೂರಿದೆ. ತೆಗೆದರೆ ಹೀಟ್ ಕಡಿಮೆಯಾದಂತೆ ಕಾಣುವುದು ನಿಜ, ಆದರೆ ಅಸಲು ರೋಗ ಕಟ್ಟಿಕೊಂಡ ರೇಡಿಯೇಟರ್. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಚಳಿಗಾಲದ ಬೆಳಿಗ್ಗೆ ಬೇಗ ಬಿಸಿಯಾಗುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸುಡದ ಪೆಟ್ರೋಲ್ ಆಯಿಲಿಗೆ ಇಳಿದು ರಿಂಗ್ ಬೇಗ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ದಾರಿ ಸದಾ ತೆರೆದೇ ಉಳಿದು ರೇಡಿಯೇಟರಿಗೆ ಹೋಗುವ ನೀರೇ ಕಡಿಮೆಯಾಗುತ್ತದೆ. ಫ್ಯಾನಿಗೆ ನೇರ ಸ್ವಿಚ್ ಹಾಕಿಸುವುದೂ ಅಂಥದೇ ತೇಪೆ, ಸೆನ್ಸರ್ ಬದಲಿಸಿ.

ಧೂಳಿನ ಮಾತು: ಸಂಡೂರು, ತೋರಣಗಲ್ಲು, ಹೊಸಪೇಟೆ ರಸ್ತೆಯ ಅದಿರಿನ ಧೂಳು, ಶಕ್ತಿನಗರ ಕಡೆಯ ಹಾರುಬೂದಿ, ಸುಗ್ಗಿಯಲ್ಲಿ ಗಂಗಾವತಿ, ಸಿಂಧನೂರಿನ ಭತ್ತದ ಹೊಟ್ಟು. ಏರ್ ಫಿಲ್ಟರ್ ಬಾಕ್ಸಿನ ಕ್ಲಿಪ್ ಮುರಿದು ಸಂದು ಬಿಟ್ಟಿದ್ದರೆ ಧೂಳು ನೇರ ಬೋರ್‌ಗೆ ಹೋಗಿ ಉಜ್ಜುಕಾಗದದಂತೆ ತಿನ್ನುತ್ತದೆ. ಫಿಲ್ಟರ್ ಆಚೆಯ ಪೈಪಿನೊಳಗೆ ಬೆರಳಾಡಿಸಿ, ಕೆಂಪು ಅಂಟಿದರೆ ಸೋರಿಕೆ ಹುಡುಕಿ. ಗಾಳಿ ಹೊಡೆದು ಹೊಡೆದು ಅದೇ ಫಿಲ್ಟರ್ ಬಳಸಬೇಡಿ, ಹೆಚ್ಚಿನ ಒತ್ತಡಕ್ಕೆ ಕಾಗದ ಹರಿಯುತ್ತದೆ. ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ನಡುವಿನ ಸಂದಿಯನ್ನೂ ಇಂಜಿನ್ ಇಳಿಸಿದಾಗಲೇ ತೊಳೆಸಿ, ಹೊಟ್ಟು ಕೂತು ಗೋಡೆ ಕಟ್ಟುವುದು ಅಲ್ಲೇ.

ಮೊದಲ ಸಲ ಸ್ಟಾರ್ಟ್ ಮಾಡುವಾಗ?

ಕೀ ತಿರುಗಿಸಿ ನೇರ ಸ್ಟಾರ್ಟ್ ಮಾಡಬೇಡಿ. ತಿಂಗಳುಗಟ್ಟಲೆ ಒಣಗಿ ಬಿದ್ದ ಇಂಜಿನ್‌ನ ಬೇರಿಂಗಿನಲ್ಲಿ ಆಯಿಲ್ ಇರುವುದಿಲ್ಲ. ಹೊಸ ಫಿಲ್ಟರ್, ಹೊಸ ಆಯಿಲ್ ಹಾಕಿ. ಪ್ರತಿ ಸಿಲಿಂಡರಿಗೆ ನಾಲ್ಕೈದು ಹನಿ ಆಯಿಲ್ ಬಿಟ್ಟು, ಪ್ಲಗ್ ಇಲ್ಲದೆ, ಫ್ಯುಯೆಲ್ ಫ್ಯೂಸ್ ತೆಗೆದು, ಹತ್ತು ಹತ್ತು ಸೆಕೆಂಡು ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸಿ. ಆಯಿಲ್ ಲೈಟ್ ಆರಿದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಹೀಟರ್ ಇದ್ದರೆ ಬಿಸಿಗೆ ತಿರುಗಿಸಿ, ಕ್ಯಾಪ್ ತೆರೆದು, ಗುಳ್ಳೆ ನಿಲ್ಲುವ ತನಕ ಕೂಲಂಟ್ ತುಂಬಿ. ಫ್ಯಾನ್ ಎರಡು ಸಲ ಹತ್ತಿ ಆರಿದ ನಂತರ ಗಾಡಿ ಹೊರಗೆ ತೆಗೆಯಿರಿ.

ಬೋರಿಂಗ್ ಆದ ಇಂಜಿನ್ ಆದರೆ ಮೊದಲ 1000 ಕಿಲೋಮೀಟರ್ 60–70 ದಾಟಬೇಡಿ, ಒಂದೇ ವೇಗದಲ್ಲೂ ಓಡಿಸಬೇಡಿ. ಬಳ್ಳಾರಿಯಿಂದ ಕೊಪ್ಪಳಕ್ಕೆ ಹೆದ್ದಾರಿ 67ರಲ್ಲಿ ಕಾಲು ಅಲುಗಿಸದೆ ಹೋಗುವುದಕ್ಕಿಂತ ಊರೊಳಗೆ ವೇಗ ಏರಿಸಿ ಇಳಿಸಿ ಓಡಿಸಿದರೆ ರಿಂಗ್ ಚೆನ್ನಾಗಿ ಕೂರುತ್ತದೆ. ಗಂಟೆಗಟ್ಟಲೆ ಐಡಲಿಂಗ್‌ನಲ್ಲಿ ಬಿಟ್ಟು 'ರನ್ನಿಂಗ್' ಮಾಡುವ ಹಳೆ ರೂಢಿ ಬೋರನ್ನು ನುಣುಪು ಮಾಡಿ ಆಯಿಲ್ ಕುಡಿಸುತ್ತದೆ. 500 ಕಿಲೋಮೀಟರ್ ಆದಾಗ ಒಂದು ಸಲ, 1000 ಆದಾಗ ಇನ್ನೊಂದು ಸಲ ಆಯಿಲ್ ಬದಲಿಸಿ. ಸೆಕೆಂಡ್ ಹ್ಯಾಂಡ್ ಇಂಜಿನ್‌ಗೆ 500ಕ್ಕೆ ಒಮ್ಮೆ ಸಾಕು.

ಡೀಸೆಲ್ ಇಂಜಿನ್ ತಗೊಳ್ಳುವಾಗ ಬ್ಯಾರೆ ಏನು ನೋಡಬೇಕು?

ಟರ್ಬೊದ ಶಾಫ್ಟ್ ಹಿಡಿದು ಅಲುಗಾಡಿಸಿ. ಅಡ್ಡಕ್ಕೆ ಕೂದಲೆಳೆಯಷ್ಟು ಆಟ ಸಹಜ, ಬ್ಲೇಡು ಗೋಡೆಗೆ ತಾಗುವಂತಿದ್ದರೆ ಅಥವಾ ಉದ್ದಕ್ಕೆ ಆಟ ಇದ್ದರೆ ಆ ಟರ್ಬೊ ಮುಗಿದಿದೆ. ಇಂಜೆಕ್ಟರುಗಳನ್ನು ಪಂಪ್ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ, ರಿಟರ್ನ್ (ಟ್ಯಾಂಕಿಗೆ ವಾಪಸ್ ಹೋಗುವ ಡೀಸೆಲ್) ಹೆಚ್ಚು ಬರುವ ಒಂದೇ ಇಂಜೆಕ್ಟರ್ ಇಡೀ ಗಾಡಿಯನ್ನು ಸ್ಟಾರ್ಟ್ ಆಗದಂತೆ ಮಾಡುತ್ತದೆ. 1248 ಸಿಸಿ ಫಿಯೆಟ್ ಇಂಜಿನ್‌ನಲ್ಲಿ ಆಯಿಲ್ ಬದಲಿಸದೆ ಓಡಿಸಿದರೆ ಟೈಮಿಂಗ್ ಚೈನ್ ಉದ್ದವಾಗುತ್ತದೆ. ತಣ್ಣನೆ ಸ್ಟಾರ್ಟ್‌ನಲ್ಲಿ ಚೈನಿನ ಗಲಗಲ ಕೇಳಿದರೆ ಚೈನ್ ಕಿಟ್‌ನ ಬೆಲೆ ಕಳೆದು ಚೌಕಾಸಿ ಮಾಡಿ. ಸಾಗಿಸುವಾಗ ಡೀಸೆಲ್ ಪೈಪುಗಳ ಬಾಯಿಗೆ ಟೇಪ್ ಸುತ್ತಿಸಿ. ಒಂದು ಕಣ ಮಣ್ಣು ಸಾಕು ಇಂಜೆಕ್ಟರ್ ಕಟ್ಟಲು.

ಹಳೆ ಇಂಜಿನ್ ಎಕ್ಸ್‌ಚೇಂಜ್‌ಗೆ ಕೊಡ್ರಿ ಅಂತಾರ. ಕೊಡಬಹುದಾ?

ಕೊಡಬಹುದು, ಆದರೆ ಹೊಸದು ಕೂತು, ಓಡಿ, ಆರ್‌ಸಿ ಬದಲಾದ ಮೇಲೆ. ಅಲ್ಲಿಯ ತನಕ ಬ್ರಾಕೆಟ್, ಸಂಪ್, ಸೆನ್ಸರ್, ಬೋಲ್ಟ್ ಯಾವುದು ಬೇಕಾಗುತ್ತದೋ ಹೇಳಲಾಗದು. ಕ್ರ್ಯಾಂಕ್, ಹೆಡ್, ಕ್ಯಾಮ್ ಶಾಫ್ಟ್ ಚೆನ್ನಾಗಿದ್ದರೆ ಬಿಡಿಯಾಗಿ ಮಾರಿದಾಗ ಎಕ್ಸ್‌ಚೇಂಜ್‌ಗಿಂತ ಹೆಚ್ಚು ಬರುತ್ತದೆ. ಬ್ಲಾಕ್ ಮಾತ್ರ ಉಳಿದರೆ ಅದನ್ನು ತೂಕಕ್ಕೆ ಹಾಕುವ ಮುಂಚೆ ನಂಬರ್ ಇರುವ ಜಾಗದ ಫೋಟೊ ತೆಗೆದು, ಯಾರಿಗೆ ಯಾವ ದಿನ ಕೊಟ್ಟಿರಿ ಎಂಬ ಚೀಟಿ ಬರೆಸಿಕೊಳ್ಳಿ. ಆ ನಂಬರ್ ಮುಂದೆ ಬೇರೆ ಗಾಡಿಯಲ್ಲಿ ಸಿಕ್ಕಿಬಿದ್ದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೇ.